ಗಂಟಲಿಗಿಳಿಯದ ತುತ್ತು

ಮನೆಯ ಯಜಮಾನರಿಗೆ ಐವತ್ತೆಂಟರ ಪ್ರಾಯ. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತವರು, ಬಸ್ಸಾರಿನಲ್ಲಿ ಅದ್ದಿದ ರಾಗಿಮುದ್ದೆಯ ಎರಡನೆಯ ತುತ್ತನ್ನು ನುಂಗಿದೊಡನೆಯೇ ಎದೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನಾದರು.

“ನೀರು ಕುಡಿಯಿರಿ, ಇಳಿಯುತ್ತದೆ” ಎಂದರು ಪತ್ನಿ.

ನೀರು ಕುಡಿದರು; ತುತ್ತು ಇಳಿಯಿತು. ಅವಸರದಲ್ಲಿ ನುಂಗಿದ್ದರಿಂದ ಹೀಗಾಯಿತೆಂದು ಎಲ್ಲರೂ ಭಾವಿಸಿದರು. ಮುದ್ದೆಯನ್ನು ಅಗಿಯದೆ ನುಂಗುವುದೇ ವಾಡಿಕೆಯಾದುದರಿಂದ ಹಾಗೆ ಭಾವಿಸಿದುದು ಸಹಜವೇ ಆಗಿತ್ತು.

ಮುಂದಿನ ಕೆಲವು ತಿಂಗಳಲ್ಲಿ ಆ ಮನೆಯ ಅಡಿಗೆ ಯಾರ ಅರಿವಿಗೂ ಬಾರದಂತೆ ಬದಲಾಗುತ್ತ ಹೋಯಿತು. ಮುದ್ದೆ ವಾರಕ್ಕೊಮ್ಮೆಯಾಯಿತು, ಆಮೇಲೆ ನಿಂತೇಹೋಯಿತು. ಚಪಾತಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವ ಅಭ್ಯಾಸ ಬಂದಿತು. ಅನ್ನ ಮೆತ್ತಗಾಯಿತು, ಸಾರು ತಿಳಿಯಾಯಿತು. “ಅಪ್ಪನಿಗೆ ಈಚೆಗೆ ಮಜ್ಜಿಗೆ ಅನ್ನವೆಂದರೆ ಬಹಳ ಇಷ್ಟ” ಎಂದು ಮಗಳು ನೆಂಟರೆದುರು ಹೇಳಿದಳು. ಇಷ್ಟವೆಂಬುದು ನಿಜವಲ್ಲ, ಅದೊಂದೇ ತೊಂದರೆಯಿಲ್ಲದೆ ಇಳಿಯುತ್ತಿತ್ತು. ಸೊಂಟದ ಪಟ್ಟಿಗೆ ಹೊಸ ತೂತು ಕೊರೆಯಬೇಕಾಗಿ ಬಂದ ದಿನ ಮಗ ಹಟಹಿಡಿದು ತಂದೆಯನ್ನು ವೈದ್ಯರ ಬಳಿಗೆ ಕರೆದೊಯ್ದ.

ವೈದ್ಯರು ಎಂಡೋಸ್ಕೋಪಿನಿಂದ ಅನ್ನನಾಳದೊಳಗೆ ನೋಡಿದರು. ಕೆಳಭಾಗದಲ್ಲಿ ಬಿಳಿಯ ಹೂಕೋಸಿನಂತಹ ಒರಟು ಬೆಳೆತ ಕಂಡಿತು. ಅದರ ತುಣುಕುಗಳನ್ನು ಕಿತ್ತು ಪರೀಕ್ಷೆಗೆ ಕಳುಹಿಸಿದರು. ವಾರದ ನಂತರ ಬಂದ ವರದಿ ಹೀಗಿತ್ತು: ಒಳಪೊರೆ ದಪ್ಪವಾಗಿದೆ, ಉರಿಯೂತವಿದೆ, ಕ್ಯಾನ್ಸರಿನ ಕುರುಹಿಲ್ಲ. ಆ ದಿನ ಮನೆಯಲ್ಲಿ ಹಬ್ಬದಡಿಗೆ. ಹೋಳಿಗೆಯನ್ನೂ ಮಾಡಿದರು, ಪಾಯಸವನ್ನೂ ಮಾಡಿದರು. ಯಜಮಾನರು ಉಂಡದ್ದು ಪಾಯಸವನ್ನು ಮಾತ್ರ.

ಈ ಗೃಹಸ್ಥರು ಯಾವುದೋ ಒಂದು ಊರಿನ ಒಬ್ಬ ವ್ಯಕ್ತಿಯಲ್ಲ. ವೈದ್ಯಪತ್ರಿಕೆಗಳಲ್ಲಿ ಮತ್ತೆಮತ್ತೆ ವರದಿಯಾಗಿರುವ ಒಂದು ಬಗೆಯ ರೋಗಿಗಳ ಕಥೆಯನ್ನು ನಮ್ಮ ಕಡೆಯ ಊಟದ ಮನೆಯಲ್ಲಿಟ್ಟು ಬರೆದ ಚಿತ್ರವಿದು. ಅನ್ನನಾಳದ ಕ್ಯಾನ್ಸರ್ ಅಪರೂಪದ ರೋಗವೇನೂ ಅಲ್ಲ. ೨೦೨೨ನೆಯ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು ಐದು ಲಕ್ಷ ಹತ್ತು ಸಾವಿರ ಮಂದಿಗೆ ಅದು ಹೊಸದಾಗಿ ತಗುಲಿತೆಂದು ಅಂದಾಜು. ಆದರೆ ಅದರಲ್ಲಿಯೂ ಕೆಲವು ವಿರಳವಾದ ಬಗೆಗಳುಂಟು. ವೈದ್ಯನ ಕಣ್ಣೆದುರಿಗಿದ್ದೂ ಅವು ತಮ್ಮ ಹೆಸರನ್ನು ಹೇಳುವುದಿಲ್ಲ.

ಮೊದಲಿಗೆ ಈ ನಾಳದ ಸ್ವಭಾವವನ್ನೇ ನೋಡಬೇಕು. ಗಂಟಲಿನಿಂದ ಜಠರದವರೆಗೆ, ಹೃದಯ ಮತ್ತು ಶ್ವಾಸನಾಳಗಳ ಹಿಂಬದಿಯಲ್ಲಿ ಇಳಿಯುವ, ಸುಮಾರು ಹತ್ತಂಗುಲ ಉದ್ದದ ಸ್ನಾಯುಕೊಳವೆ ಅದು. ಬರಿದಾಗಿರುವಾಗ ಮಡಿಚಿಕೊಂಡಿದ್ದು, ತುತ್ತು ಬಂದಾಗ ಎರಡು ಸೆಂಟಿಮೀಟರಿಗೂ ಮಿಗಿಲಾಗಿ ಹಿಗ್ಗಿ ದಾರಿಬಿಡುತ್ತದೆ. ಹಿಗ್ಗುವ ಈ ಗುಣವೇ ರೋಗಿಗೆ ಶತ್ರುವಾಗುತ್ತದೆ. ಒಳಗೆ ಗಂತಿ ಬೆಳೆಯುತ್ತಿದ್ದರೂ ಉಳಿದ ಭಾಗ ಹಿಗ್ಗಿ ಅನ್ನವನ್ನು ಸಾಗಿಸುತ್ತದೆ. ದಾರಿ ಹದಿಮೂರು ಮಿಲಿಮೀಟರಿಗಿಂತ ಕಿರಿದಾಗುವ ಹೊತ್ತಿಗೆ ಗಟ್ಟಿ ಆಹಾರ ಸಿಕ್ಕಿಕೊಳ್ಳತೊಡಗುತ್ತದೆ. ಅಷ್ಟರಲ್ಲಿ ರೋಗ ಬಹುದೂರ ಸಾಗಿರುತ್ತದೆ. ಹೊಟ್ಟೆಯ ಬಹುತೇಕ ಅಂಗಗಳನ್ನು ಹೊರಗಿನಿಂದ ಸುತ್ತಿರುವ ತೆಳುಪೊರೆ ಅನ್ನನಾಳಕ್ಕೆ ಇಲ್ಲ. ಆದಕಾರಣ ಗಂತಿ ನೆರೆಯ ಅಂಗಗಳಿಗೆ ಹಬ್ಬುವುದಕ್ಕೆ ಅಡ್ಡಗೋಡೆಯೂ ಇಲ್ಲ. ‘ಕಾಸಾಬ್ಲಾಂಕಾ’ ಚಿತ್ರದ ನಾಯಕ ಹಂಫ್ರಿ ಬೋಗಾರ್ಟನಿಗೆ ೧೯೫೬ರ ಮಾರ್ಚಿಯಲ್ಲಿ ಈ ರೋಗಕ್ಕಾಗಿ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ೧೯೫೭ರ ಜನವರಿಯಲ್ಲಿ ಆತ ತೀರಿಕೊಂಡ.

ನಾಳದೊಳಕ್ಕೆ ಇಣುಕುವ ಮನುಷ್ಯನ ಪ್ರಯತ್ನವೂ ಒಂದು ಸ್ವಾರಸ್ಯದ ಕಥೆಯೇ. ೧೮೬೮ರಲ್ಲಿ ಜರ್ಮನಿಯ ಫ್ರೈಬರ್ಗ್ ನಗರದ ವೈದ್ಯ ಅಡಾಲ್ಫ್ ಕುಸ್‌ಮೌಲ್ ಲೋಹದ ನೇರ ಕೊಳವೆಯೊಂದನ್ನು ಮಾಡಿಸಿದ. ಅದನ್ನು ನುಂಗುವವರು ಯಾರು? ಜಾತ್ರೆಯಲ್ಲಿ ಕತ್ತಿ ನುಂಗಿ ಹೊಟ್ಟೆಹೊರೆಯುವವನೊಬ್ಬ ಆ ಕೆಲಸಕ್ಕೆ ಒದಗಿದ. ಕೊಳವೆ ಇಳಿಯಿತು, ಆದರೆ ಅಂದಿನ ದೀಪದ ಮಿಣುಕು ಬೆಳಕಿನಲ್ಲಿ ಹೆಚ್ಚೇನೂ ಕಾಣಲಿಲ್ಲ. ಬಳುಕುವ ಗಾಜಿನೆಳೆಗಳ ಕಂತೆಯ ಮೂಲಕ ಬೆಳಕನ್ನೂ ಬಿಂಬವನ್ನೂ ಸಾಗಿಸುವ ಉಪಕರಣ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಸಿದ್ಧವಾದುದು ೧೯೫೭ರಲ್ಲಿ. ಅದನ್ನು ರೂಪಿಸಿದವರಲ್ಲೊಬ್ಬನಾದ ಬೇಸಿಲ್ ಹಿರ್ಷೊವಿಟ್ಜ್ ಮೊದಲು ತಾನೇ ಅದನ್ನು ನುಂಗಿ ಪರೀಕ್ಷಿಸಿದ. ಇಂದು ಜಿಲ್ಲಾ ಕೇಂದ್ರಗಳಲ್ಲಿಯೂ ದೊರೆಯುವ ಎಂಡೋಸ್ಕೋಪಿ ಆ ಸಾಹಸದ ಸಂತಾನ.

ಕಾಣುವುದು ಬೇರೆ, ತಿಳಿಯುವುದು ಬೇರೆ. ಎಂಡೋಸ್ಕೋಪಿನ ತುದಿಯಲ್ಲಿ ಹೊಮ್ಮುವ ಪುಟ್ಟ ಚಿಮುಟ ಒಳಪೊರೆಯಿಂದ ಕೀಳುವುದು ಎಳ್ಳುಕಾಳಿನಷ್ಟು ಗಾತ್ರದ ತುಣುಕನ್ನು. ಸಾಮಾನ್ಯ ಬಗೆಯ ಕ್ಯಾನ್ಸರಿನಲ್ಲಿ ಬೇರೆಬೇರೆ ಕಡೆಗಳಿಂದ ಇಂತಹ ಆರೆಂಟು ತುಣುಕುಗಳನ್ನು ತೆಗೆದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ರೋಗ ಸಿಕ್ಕಿಬೀಳುತ್ತದೆ. ಇಂತಹ ಸಾಮಾನ್ಯ ಬಗೆಗಳು ಎರಡೇ ಎರಡು. ನಾಳದ ಒಳಗೋಡೆಯನ್ನು ಹೊದಿಸಿರುವ ಚಪ್ಪಟೆಯಾದ ಜೀವಕೋಶಗಳಲ್ಲಿ ಹುಟ್ಟುವುದು ಒಂದು. ಜಠರದ ಆಮ್ಲ ಮೇಲಕ್ಕೆ ಉಕ್ಕಿ ಬಹುಕಾಲ ಸುಟ್ಟುದರಿಂದ ಕೆಳತುದಿಯಲ್ಲಿ ಮಾರ್ಪಟ್ಟ ಪೊರೆಯಲ್ಲಿ, ಗ್ರಂಥಿಕೋಶಗಳಲ್ಲಿ ಹುಟ್ಟುವುದು ಇನ್ನೊಂದು. ಪ್ರಪಂಚದ ಒಟ್ಟು ಲೆಕ್ಕದಲ್ಲಿ ನೂರಕ್ಕೆ ಎಂಬತ್ತೈದರಷ್ಟು ಮೊದಲನೆಯದೇ, ಭಾರತದಲ್ಲಿಯೂ ಅದೇ ಹೆಚ್ಚು. ಇವೆರಡನ್ನೂ ಬಿಟ್ಟ ಮೇಲೆ ಉಳಿಯುವುದು ಬೆರಳೆಣಿಕೆಯಷ್ಟು. ಸಣ್ಣ ಊರಿನ ಪೆಥಾಲಜಿ ತಜ್ಞರು ತಮ್ಮ ಸೇವಾವಧಿಯಲ್ಲೆಲ್ಲ ಅಂತಹ ಒಂದನ್ನೂ ಕಾಣದಿರಬಹುದು. ಕಾಣದ ಮುಖವನ್ನು ಗುರುತಿಸುವುದು ಯಾರಿಗಾದರೂ ಕಷ್ಟವೇ.

ಮೇಲೆ ಹೇಳಿದ ಗೃಹಸ್ಥರ ನಾಳದಲ್ಲಿ ಬೆಳೆದದ್ದು ಈ ವಿರಳ ಬಗೆಗಳಲ್ಲಿ ಬಹುಶಃ ಅತ್ಯಂತ ಮೋಸಗಾರವಾದುದು. ಅದನ್ನು ನರಹುಲಿಯಂತಹ ಕ್ಯಾನ್ಸರ್ ಎನ್ನಬಹುದು. ೧೯೪೮ರಲ್ಲಿ ಅಮೆರಿಕದ ಪೆಥಾಲಜಿ ತಜ್ಞ ಲಾರೆನ್ ಆಕರ್‌ಮನ್ ಇದನ್ನು ಬಾಯಿಯೊಳಗಿನ ರೋಗವೆಂದು ವಿವರಿಸಿದ. ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ದವಡೆಯಲ್ಲಿಟ್ಟುಕೊಳ್ಳುವ ನಮ್ಮ ದೇಶದ ವೈದ್ಯರಿಗೆ ಬಾಯಿಯ ಈ ಗಂತಿ ಅಪರಿಚಿತವಲ್ಲ. ಅನ್ನನಾಳದಲ್ಲಿಯೂ ಅದು ಹುಟ್ಟಬಲ್ಲದೆಂಬ ವರದಿ ಬಂದುದು ೧೯೬೭ರಲ್ಲಿ.

ಇದರ ಮೋಸ ಯಾವುದರಲ್ಲಿದೆ? ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಸೂಕ್ಷ್ಮದರ್ಶಕದ ಕೆಳಗೆ ವಿಕಾರವಾಗಿ ತೋರುತ್ತವೆ. ಗಾತ್ರದಲ್ಲಿ ಏರುಪೇರು, ಬಣ್ಣದಲ್ಲಿ ಗಾಢತೆ, ಸಾಲಿನಲ್ಲಿ ಅಸ್ತವ್ಯಸ್ತತೆ. ನರಹುಲಿ ಬಗೆಯಲ್ಲಿ ಹಾಗಿಲ್ಲ. ಕೋಶಗಳು ಸಭ್ಯ ಗೃಹಸ್ಥರಂತೆ ಸಾಲಾಗಿ, ನಯವಾಗಿ ಕುಳಿತಿರುತ್ತವೆ. ಮೇಲ್ಪದರದ ತುಣುಕನ್ನು ಯಾವ ನಿಪುಣನಿಗೆ ತೋರಿಸಿದರೂ ‘ದಪ್ಪಗಾದ ಪೊರೆ’ ಎಂದೇ ಹೇಳಿಯಾನು. ಹೇಳಿದ್ದು ಸುಳ್ಳೂ ಅಲ್ಲ. ಅದರ ದುಷ್ಟತನವೆಲ್ಲ ತಳದಲ್ಲಿದೆ. ಅಗಲವಾದ ಮೊಂಡು ಬೇರುಗಳಂತೆ ಅದು ಕೆಳಗಿನ ಪದರಗಳನ್ನು ಒತ್ತಿಕೊಂಡು ಇಳಿಯುತ್ತದೆ. ಚಿಮುಟದ ಬಾಯಿ ಅಲ್ಲಿಗೆ ಮುಟ್ಟುವುದಿಲ್ಲ. ಗಿಡದ ಚಿಗುರನ್ನು ಕಿತ್ತು ತಂದು ಬೇರಿನ ಆಳವನ್ನು ಹೇಳೆಂದರೆ ಹೇಳುವುದು ಹೇಗೆ?

ಇಷ್ಟು ಸಾಲದೆಂಬಂತೆ ಅದು ಬೇರೆ ಕಾಯಿಲೆಗಳ ವೇಷವನ್ನೂ ಧರಿಸುತ್ತದೆ. ಮೇಲೆ ಕವಿದ ಬಿಳಿಯ ಪೊರೆಯನ್ನು ಕಂಡು ಶಿಲೀಂಧ್ರದ ಸೋಂಕೆಂದು ಔಷಧ ಕೊಡುವುದುಂಟು. ಔಷಧದಿಂದ ಒಂದಿಷ್ಟು ಬಿಳುಪು ಕಡಮೆಯಾಗಿ ಎಲ್ಲರಿಗೂ ಭರವಸೆ ಹುಟ್ಟುವುದೂ ಉಂಟು. ಬಹುಕಾಲದ ಆಮ್ಲದ ಉರಿ, ಹಿಂದೆಂದೋ ಕ್ಷಾರದ್ರವ ಕುಡಿದು ಸುಟ್ಟ ಗಾಯ, ಇಂತಹ ಹಳೆಯ ತೊಂದರೆಗಳಿದ್ದ ನಾಳದಲ್ಲೇ ಇದು ಹೆಚ್ಚಾಗಿ ಬೆಳೆಯುತ್ತದೆ. ಆದುದರಿಂದ ಹೊಸ ದೂರುಗಳನ್ನೆಲ್ಲ ಹಳೆಯ ಕಾಯಿಲೆಯ ಲೆಕ್ಕಕ್ಕೇ ಬರೆದುಬಿಡುವುದು ಸುಲಭ. ಇದು ನಿಧಾನವಾಗಿ ಬೆಳೆಯುತ್ತದೆ, ದೂರದ ಅಂಗಗಳಿಗೆ ಹಾರುವುದು ಬಹಳ ಕಡಮೆ. ಹಾಗೆಂದು ಬಿಟ್ಟರೆ ನಾಳವನ್ನು ಕೊರೆದು ಶ್ವಾಸಮಾರ್ಗಕ್ಕೆ ರಂಧ್ರಮಾಡಿ ಪ್ರಾಣ ತೆಗೆಯುತ್ತದೆ. ವೈದ್ಯಶಾಸ್ತ್ರದಲ್ಲಿ ರೋಗನಿರ್ಣಯಕ್ಕೆ ‘ನಿದಾನ’ವೆಂದು ಹೆಸರು. ಇಲ್ಲಿ ಮಾತ್ರ ನಿದಾನವೆಂಬುದು ನಿಧಾನವೇ ಆಗಿಬಿಡುತ್ತದೆ. ಮೊದಲ ತುಣುಕಿನಿಂದ ಕೊನೆಯ ತೀರ್ಮಾನದವರೆಗೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಕಾಲ ಕಳೆದ ನಿದರ್ಶನಗಳಿವೆ.

ಇದಕ್ಕೆ ತೀರ ವಿರುದ್ಧವಾದ ಸ್ವಭಾವದ್ದು ಕಿರುಕೋಶದ ಕ್ಯಾನ್ಸರ್. ೧೯೫೨ರಲ್ಲಿ ಮೆಕ್ಯೋನ್ ಅವರು ಶವಪರೀಕ್ಷೆಯಲ್ಲಿ ಕಂಡ ಎರಡು ಉದಾಹರಣೆಗಳನ್ನು ಪ್ರಕಟಿಸಿದಾಗ ಅನ್ನನಾಳದಲ್ಲಿ ಇದರ ಇರವು ಮೊದಲಿಗೆ ಬೆಳಕಿಗೆ ಬಂದಿತು. ಸಾಮಾನ್ಯವಾಗಿ ಶ್ವಾಸಕೋಶದಲ್ಲಿ ಕಾಣುವ ಈ ರೋಗ ಕಾಡುಕಿಚ್ಚಿನಂತೆ ಹಬ್ಬುತ್ತದೆ. ಕೋಶಗಳು ಎಷ್ಟು ಸುಕುಮಾರವೆಂದರೆ ಚಿಮುಟ ಹಿಡಿದ ಹಿಡಿತಕ್ಕೇ ನುಗ್ಗಾಗಿ, ಗಾಜಿನ ಪಟ್ಟಿಯ ಮೇಲೆ ನೀಲಿ ಮಸಿ ಒರೆಸಿದಂತಾಗುತ್ತವೆ. ಹೀಗಾದಾಗ ದುಗ್ಧಗ್ರಂಥಿಯ ಕ್ಯಾನ್ಸರೋ, ಸಾಮಾನ್ಯ ಬಗೆಯ ಕೆಟ್ಟ ರೂಪವೋ ಎಂಬ ಸಂದೇಹ ಬರುತ್ತದೆ. ನಿಜವನ್ನು ಹೊರಗೆಡಹಲು ವಿಶೇಷ ಬಣ್ಣಗಳ ಪರೀಕ್ಷೆ ಬೇಕು. ಆಮೇಲೆ ಶ್ವಾಸಕೋಶದಿಂದ ಬಂದದ್ದಲ್ಲವೆಂದು ಸಿ.ಟಿ. ಚಿತ್ರ ತೆಗೆಸಿ ಖಚಿತಪಡಿಸಿಕೊಳ್ಳಬೇಕು. ಹೆಸರಿನ ವಿಷಯ ಇಲ್ಲಿ ಪಂಡಿತರ ಚರ್ಚೆ ಮಾತ್ರವಲ್ಲ. ಈ ರೋಗದಲ್ಲಿ ಔಷಧ ಮತ್ತು ವಿಕಿರಣ ಚಿಕಿತ್ಸೆಗಳಿಗೇ ಪ್ರಾಧಾನ್ಯ; ಹೆಸರು ತಪ್ಪಿದರೆ ರೋಗಿ ವೃಥಾ ಕತ್ತಿಗೆ ಒಡ್ಡಿಕೊಂಡಂತಾಗುತ್ತದೆ, ಅಮೂಲ್ಯವಾದ ವಾರಗಳೂ ಕೈತಪ್ಪುತ್ತವೆ.

ಚರ್ಮದ ಕಪ್ಪು ಗಂತಿಯಾದ ಮೆಲನೋಮ ಅನ್ನನಾಳದೊಳಗೆ ಹುಟ್ಟುತ್ತದೆಂದರೆ ಹಿಂದಿನ ಪಂಡಿತರು ನಂಬುತ್ತಿರಲಿಲ್ಲ. ಮೈಗೆ ಬಣ್ಣ ಕೊಡುವ ಕೋಶಗಳಿಗೆ ಬಿಸಿಲು ಕಾಣದ ಆ ಕತ್ತಲೆಯಲ್ಲಿ ಏನು ಕೆಲಸ? ಚರ್ಮದಿಂದಲೋ ಕಣ್ಣಿನಿಂದಲೋ ಹಾರಿಬಂದಿರಬೇಕೆಂದು ಅವರ ವಾದ. ೧೯೬೩ರಲ್ಲಿ ದೆಲಾಪಾವ ಮತ್ತು ಸಂಗಡಿಗರು ನೂರು ಶವಗಳ ಅನ್ನನಾಳಗಳನ್ನು ತಾಳ್ಮೆಯಿಂದ ಪರೀಕ್ಷಿಸಿ, ಅವುಗಳಲ್ಲಿ ನಾಲ್ಕರಲ್ಲಿ ಆ ಬಣ್ಣದ ಕೋಶಗಳು ಸಹಜವಾಗಿಯೇ ಇರುವುದನ್ನು ತೋರಿಸಿದ ಮೇಲೆ ವಾದ ತಣ್ಣಗಾಯಿತು. ಕಪ್ಪಗೆ ಹೊಳೆಯುವ ಗಂತಿಯಾದರೆ ಗುರುತು ಹಿಡಿಯಬಹುದು. ಆದರೆ ಕೆಲವರಲ್ಲಿ ಅದು ಬಣ್ಣವನ್ನೇ ತಳೆಯದೆ ಬೆಳ್ಳಗೆ ಇದ್ದು, ಸಾಮಾನ್ಯ ಕ್ಯಾನ್ಸರೆಂದೇ ದಾಖಲೆಯಾಗಿಬಿಡುತ್ತದೆ. ‘ಎಸ್-೧೦೦’, ‘ಎಚ್.ಎಂ.ಬಿ.-೪೫’ ಎಂಬ ಬಣ್ಣದ ಪರೀಕ್ಷೆಗಳನ್ನು ಮಾಡಿಸಿದರೆ ಗುಟ್ಟು ಬಯಲಾದೀತು. ಮಾಡಿಸಬೇಕೆಂಬ ಯೋಚನೆ ಯಾರಿಗಾದರೂ ಹೊಳೆಯಬೇಕಷ್ಟೆ. ಇನ್ನು, ತೊಟ್ಟಿನಿಂದ ಜೋತ ಹಣ್ಣಿನಂತೆ ನಾಳದೊಳಗೆ ತೂಗಾಡುವ, ಎರಡು ಜಾತಿಯ ಕೋಶಗಳು ಬೆರೆತ ಗಂತಿಯೊಂದಿದೆ. ಅದರ ಯಾವ ಭಾಗದಿಂದ ತುಣುಕು ಬಂದರೆ ಆ ಭಾಗದ ಹೆಸರು ವರದಿಯಲ್ಲಿ ಬರುತ್ತದೆ. ಬೇಗನೆ ದಾರಿಕಟ್ಟಿ ರೋಗಿಯನ್ನು ಬೇಗನೆ ವೈದ್ಯರ ಬಳಿಗೆ ಓಡಿಸುವುದು ಇದರ ಉಪಕಾರ.

ಇವೆಲ್ಲ ಕಣ್ಣಿಗೆ ಬಿದ್ದೂ ಗುರುತುತಪ್ಪಿಸುವಂಥವು. ಕಣ್ಣಿಗೇ ಬೀಳದೆ, ಗೋಡೆಯ ಒಳಪದರಗಳಲ್ಲಿ ಹರಿದಾಡುವ ಬೆಳೆತವೂ ಒಂದುಂಟು. ಅದನ್ನು ತಿಳಿಯಲು ಅಕಲೇಸಿಯ ಎಂಬ ಹಳೆಯ ಕಾಯಿಲೆಯ ಪರಿಚಯ ಬೇಕು. ಅನ್ನನಾಳವು ಜಠರವನ್ನು ಸೇರುವ ಕಡೆ ಸ್ನಾಯುವಿನ ಬಾಗಿಲೊಂದಿದೆ. ತುತ್ತು ಬಂದಾಗ ಅದು ಸಡಿಲಗೊಳ್ಳಬೇಕು. ಸಡಿಲಗೊಳ್ಳದಿದ್ದರೆ ಅನ್ನ ಮೇಲೆಯೇ ನಿಲ್ಲುತ್ತದೆ. ೧೬೭೪ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಇಂತಹ ರೋಗಿಯೊಬ್ಬನಿಗೆ ತಿಮಿಂಗಿಲದ ಎಲುಬಿನ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿಕೊಟ್ಟನಂತೆ. ಆ ಮನುಷ್ಯ ಪ್ರತಿ ಊಟದಲ್ಲಿಯೂ ಅದರಿಂದ ಅನ್ನವನ್ನು ಕೆಳಗೆ ದಬ್ಬಿಕೊಂಡು ವರ್ಷಾನುಗಟ್ಟಲೆ ಬದುಕಿದ. ಈ ಕಾಯಿಲೆ ಕ್ಯಾನ್ಸರಲ್ಲ. ಆದರೆ ಆ ಬಾಗಿಲಿನ ಸುತ್ತ, ನಯವಾದ ಒಳಪೊರೆಯ ಹಿಂದೆ ಕ್ಯಾನ್ಸರ್ ಹರಡಿಕೊಂಡರೂ ಬಾಗಿಲು ಹೀಗೆಯೇ ಬಿಗಿದುಕೊಳ್ಳುತ್ತದೆ. ಬೇರಿಯಂ ಕುಡಿಸಿ ತೆಗೆದ ಎಕ್ಸ್-ರೇಯಲ್ಲಿ ಎರಡೂ ಒಂದೇ, ಎಂಡೋಸ್ಕೋಪಿನಲ್ಲಿ ಪೊರೆ ಶುದ್ಧ, ತುಣುಕು ನಿರ್ದೋಷಿ. ಬ್ರಿಟಿಷ್ ಶಸ್ತ್ರವೈದ್ಯ ಹೆನೇಜ್ ಓಗಿಲ್ವಿ ೧೯೪೭ರಲ್ಲಿಯೇ ಈ ಸೋಗಿನ ಬಗ್ಗೆ ಬರೆದಿದ್ದ. ಇಲ್ಲಿ ಯಂತ್ರಗಳಿಗಿಂತ ಮೊದಲು ಎಚ್ಚರಿಸುವುದು ರೋಗಿಯ ಕಥೆ. ವಯಸ್ಸು ಐವತ್ತೈದನ್ನು ದಾಟಿ, ತೊಂದರೆ ಶುರುವಾಗಿ ಇನ್ನೂ ವರ್ಷವಾಗದೆ, ತೂಕ ವೇಗವಾಗಿ ಇಳಿದಿದ್ದರೆ ಅನುಭವಿ ವೈದ್ಯ ಹುಬ್ಬು ಗಂಟಿಕ್ಕುತ್ತಾನೆ.

ಹಾಗಾದರೆ ಉಪಾಯವಿಲ್ಲವೆ? ಉಂಟು. ಎಂಡೋಸ್ಕೋಪಿನ ತುದಿಯಲ್ಲಿ ಧ್ವನಿತರಂಗದ ಉಪಕರಣವನ್ನಿಟ್ಟು ಗೋಡೆಯ ಪದರಪದರವನ್ನೂ ನೋಡುವ ವಿಧಾನ ೧೯೮೦ರಿಂದೀಚೆಗೆ ಬಂದಿದೆ. ಅನುಮಾನದ ಪದರಕ್ಕೆ ಸೂಜಿ ಚುಚ್ಚಿ ಅಲ್ಲಿಂದಲೇ ಕೋಶಗಳನ್ನು ಹೀರಬಹುದು. ಅಯೊಡಿನ್ ದ್ರಾವಣ ಸಿಂಪಡಿಸಿದರೆ ಆರೋಗ್ಯವಂತ ಪೊರೆ ಕಂದುಬಣ್ಣ ತಳೆದು, ರೋಗದ ತಾಣ ಬಣ್ಣ ಹಿಡಿಯದೆ ಉಳಿಯುತ್ತದೆ. ಚಿಮುಟದ ಎಳ್ಳುಕಾಳಿನ ಬದಲು ಉರುಳು ಹಾಕಿ ಕಾಸಿನಗಲದ ಪೊರೆಯನ್ನೇ ಕತ್ತರಿಸಿ ತೆಗೆಯುವುದೂ ಸಾಧ್ಯ. ತುಣುಕನ್ನು ಮೇಣದಲ್ಲಿ ಹುದುಗಿಸಿದ ಗಟ್ಟಿ ಮತ್ತು ಗಾಜಿನ ಪಟ್ಟಿಗಳನ್ನು ಪ್ರಯೋಗಾಲಯದಿಂದ ಕೇಳಿ ಪಡೆದು ಇನ್ನೊಬ್ಬ ತಜ್ಞರಿಗೆ ತೋರಿಸಬಹುದೆಂಬುದು ನಮ್ಮಲ್ಲಿ ಬಹುಮಂದಿಗೆ ಗೊತ್ತಿಲ್ಲ. ಕೇಳಿದರೆ ಡಾಕ್ಟರು ಬೇಸರಪಟ್ಟುಕೊಂಡಾರೆಂಬ ಸಂಕೋಚ ಬೇರೆ. ಇಂತಹ ರೋಗಗಳಲ್ಲಿ ಒಳ್ಳೆಯ ವೈದ್ಯರು ತಾವಾಗಿಯೇ ಎರಡನೆಯ ಅಭಿಪ್ರಾಯವನ್ನು ಬಯಸುತ್ತಾರೆ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ೧೯೭೩ರಿಂದ ಕ್ಯಾನ್ಸರಿಗಾಗಿಯೇ ನಿಂತಿದೆ. ೧೯೮೨ರಿಂದ ನಗರದ ಕ್ಯಾನ್ಸರ್ ರೋಗಿಗಳ ಲೆಕ್ಕವೂ ಕ್ರಮವಾಗಿ ದಾಖಲಾಗುತ್ತಿದೆ. ಸಾವಿರಾರು ಗಾಜಿನ ಪಟ್ಟಿಗಳನ್ನು ನೋಡಿದ ಕಣ್ಣುಗಳು ಇಂತಹ ದೊಡ್ಡ ಕೇಂದ್ರಗಳಲ್ಲಿರುತ್ತವೆ.

ನುಂಗಲು ತೊಂದರೆಯಾದವರಿಗೆಲ್ಲ ಕ್ಯಾನ್ಸರೆಂದು ವಾಚಕರು ಗಾಬರಿಯಾಗಬೇಕಿಲ್ಲ. ಆಮ್ಲದ ಉರಿಯಿಂದಲೂ ಸ್ನಾಯುಗಳ ದೋಷದಿಂದಲೂ ಹಾಗಾಗುತ್ತದೆ. ಆದರೆ ಗಟ್ಟಿಯಿಂದ ಮೆತ್ತಗೆ, ಮೆತ್ತಗಿನಿಂದ ದ್ರವಕ್ಕೆ ಊಟ ಜಾರುತ್ತ ಬಂದರೆ ಅದನ್ನು ಅಡಿಗೆಮನೆಯಲ್ಲೇ ಸರಿದೂಗಿಸುತ್ತ ಕೂರಬಾರದು. ಯಾವ ತಿಂಗಳು ಯಾವ ತಿನಿಸು ನಿಂತಿತೆಂಬುದನ್ನು ಮನೆಯವರು ಬರೆದುಕೊಟ್ಟರೆ ವೈದ್ಯರಿಗೆ ಅದೊಂದು ಅಮೂಲ್ಯವಾದ ದಾಖಲೆ.

ಮತ್ತೆ ಆ ಗೃಹಸ್ಥರ ಮನೆಗೆ ಬರೋಣ. ಪಾಯಸವುಂಡ ಎರಡು ತಿಂಗಳಿಗೆ ಪಾಯಸವೂ ಸಿಕ್ಕಿಕೊಂಡಿತು. ಎರಡನೆಯ ಸಲ ತುಣುಕು ತೆಗೆದರು; ಕ್ಯಾನ್ಸರಿಲ್ಲ. ದೊಡ್ಡ ಆಸ್ಪತ್ರೆಗೆ ಹೋದರು. ಅಲ್ಲಿ ಇನ್ನೂ ಆಳದಿಂದ ತೆಗೆದರು. ‘ಸಂದೇಹಾಸ್ಪದ’ ಎಂಬೊಂದು ಮಾತು ಹೆಚ್ಚಾಯಿತೇ ಹೊರತು ಖಚಿತವಾಗಲಿಲ್ಲ. ಧ್ವನಿತರಂಗದ ಚಿತ್ರದಲ್ಲಿ ಮಾತ್ರ ಗೋಡೆ ಬಹಳ ದಪ್ಪವಾಗಿ, ಪದರಗಳು ಒಂದರೊಳಗೊಂದು ಕಲಸಿಹೋಗಿದ್ದುವು. ಅನ್ನನಾಳವನ್ನು ತೆಗೆದುಬಿಡಬೇಕೆಂದು ಶಸ್ತ್ರವೈದ್ಯರು ಹೇಳಿದರು.

“ಕ್ಯಾನ್ಸರಲ್ಲವೆಂದು ಎರಡು ಸಲ ಬರೆದುಕೊಟ್ಟಿದ್ದಾರಲ್ಲ, ಡಾಕ್ಟರೇ?” ಎಂದು ಪತ್ನಿ ಕೇಳಿದರು.

“ಅವರು ಬರೆದುಕೊಟ್ಟದ್ದು ಆ ತುಣುಕುಗಳ ವಿಷಯ, ತಾಯಿ. ನಾನು ಯಜಮಾನರ ವಿಷಯ ಹೇಳುತ್ತಿದ್ದೇನೆ.”

ಈ ರೋಗದ ನಿಜವಾದ ಕಠಿನ ಗಳಿಗೆ ಇದೇ. ಎದೆಯನ್ನೂ ಹೊಟ್ಟೆಯನ್ನೂ ತೆರೆದು, ನಾಳವನ್ನು ತೆಗೆದು, ಜಠರವನ್ನೇ ಕೊಳವೆಯಾಗಿಸಿ ಕೊರಳವರೆಗೆ ಎಳೆದು ಹೊಲಿಯುವ ಶಸ್ತ್ರಚಿಕಿತ್ಸೆ ಅದು, ಪ್ರಾಣಾಪಾಯವಿಲ್ಲದ್ದೇನೂ ಅಲ್ಲ. ತೆಗೆದ ಮೇಲೆ ಅದು ಕ್ಯಾನ್ಸರೇ ಆಗಿರಲಿಲ್ಲವೆಂದು ತಿಳಿಯುವ ಸಂಭವವೂ ಇದೆ. ಕಾಗದದಲ್ಲಿ ಖಚಿತವಾದ ಒಂದು ಪದವಿಲ್ಲದೆ ವೈದ್ಯರು ಕತ್ತಿ ಹಿಡಿಯಬೇಕು, ಮನೆಯವರು ಒಪ್ಪಿಗೆಯ ರುಜು ಹಾಕಬೇಕು. ಆ ರಾತ್ರಿ ತಾಯಿಯೂ ಮಕ್ಕಳೂ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಬಹುಹೊತ್ತು ಮಾತಾಡಿದರು. ಕೊನೆಗೆ ಯಜಮಾನರೇ ಮಗನನ್ನು ಕರೆದು, “ಕಾಗದ ತೆಗೆದುಕೊಂಡು ಬಾ” ಎಂದರು.

ಶಸ್ತ್ರಚಿಕಿತ್ಸೆಯಾದ ಹನ್ನೊಂದನೆಯ ದಿನ ವರದಿ ಬಂದಿತು. ನಾಳದ ಪೂರ್ಣ ದಪ್ಪವನ್ನು ಕತ್ತರಿಸಿ ನೋಡಿದ ಪೆಥಾಲಜಿ ತಜ್ಞರಿಗೆ ತಳದ ಮೊಂಡು ಬೇರುಗಳು ಸ್ಪಷ್ಟವಾಗಿ ಕಂಡಿದ್ದುವು: ನರಹುಲಿ ಮಾದರಿಯ ಕ್ಯಾನ್ಸರ್, ದುಗ್ಧಗ್ರಂಥಿಗಳಿಗೆ ಹರಡಿಲ್ಲ. ಆ ಹೊತ್ತಿಗೆ ಯಜಮಾನರಿಗೆ ಕರುಳಿಗೆ ಇಟ್ಟ ನಳಿಕೆಯಿಂದ ಆಹಾರ ಹೋಗುತ್ತಿತ್ತು. ಮಗ ವರದಿಯನ್ನು ಎರಡು ಸಲ ಓದಿ ತಂದೆಗೆ ಅರ್ಥ ಹೇಳಿದ. ಅವರು ಕೇಳಿಸಿಕೊಂಡು, ಬಾಯಿಂದ ನೀರು ಕುಡಿಯುವುದು ಯಾವಾಗಿನಿಂದ ಎಂದು ದಾದಿಯನ್ನು ವಿಚಾರಿಸಿದರು.